ಅಜ್ಜಿ, ಮೊಮ್ಮಗಳು, ಹದಿನೈದು ಲಕ್ಷ ಬಾವಲಿಗಳು

ಆಗಸ್ಟ್ ತಿಂಗಳಲ್ಲಿ ಟೆಕ್ಸಸ್‌ನೊಳಗೆ ಕಾರು ಪ್ರವಾಸ ಹೊರಡುವವರಿಗೆ ಬುದ್ಧಿ ಇಲ್ಲ ಎಂಬುದು ನನ್ನ ಗಂಡನ ಅಭಿಪ್ರಾಯ. ಮಧ್ಯಾಹ್ನ ಹೊರಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮುಂದೆ ಮುಖ ಇಟ್ಟ ಹಾಗೆ. ಆದರೂ ಹೊರಟೆವು. ಆಗಸ್ಟ್ ಕೊನೆಗೆ ಅವ್ವನ ಆರು ತಿಂಗಳು ಮುಗಿಯುತ್ತಿತ್ತು. ಮಗಳ ಶಾಲೆ ಎರಡನೇ ವಾರಕ್ಕೇ ಶುರು. ನಡುವೆ ಸಿಕ್ಕಿದ್ದು ಐದು ದಿನ, ನಾಲ್ಕು ರಾತ್ರಿ.

ಅವ್ವ ಧಾರವಾಡದವಳು. ಅಮೆರಿಕಕ್ಕೆ ಇದು ಅವಳ ಮೂರನೆಯ ಸಲ. ಮೊದಲೆರಡು ಸಲ ಬಂದದ್ದು ನನ್ನ ಬಾಣಂತನಕ್ಕೆ: 2017ರಲ್ಲಿ ಮಗಳು ಹುಟ್ಟಿದಾಗ, 2022ರಲ್ಲಿ ಮಗ ಹುಟ್ಟಿದಾಗ. ಈ ಸಲ ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಮೊಮ್ಮಕ್ಕಳ ಜೊತೆ ಇರಲು ಬಂದಿದ್ದಳು. ಮೊಣಕಾಲು ನೋವು ಬೇರೆ. "ಇನ್ನ ಇಷ್ಟು ದೂರ ವಿಮಾನ ಹತ್ತೂದು ನನ್ನ ಕೈಲೆ ಆಗಂಗಿಲ್ಲ" ಎಂದು ಬಂದ ದಿನವೇ ಹೇಳಿಬಿಟ್ಟಿದ್ದಳು.

ಮಗಳಿಗೆ ಈಗ ಎಂಟು. ನಾಲ್ಕು ವರ್ಷದವರೆಗೆ ಅರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದಳು. ಆಮೇಲೇನಾಯಿತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಶಾಲೆ ಸೇರಿದ ಒಂದೆರಡು ವರ್ಷದಲ್ಲಿ ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಮನೆಯ ರೂಢಿಯಾಯಿತು. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಾಳೆ, ಅಕ್ಷರ ಬರುತ್ತದೆ, ಮಲ್ಲಿಗೆ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿ ಹಾಡುತ್ತಾಳೆ. ಆದರೆ ವೇದಿಕೆ ಇಳಿದ ಮೇಲೆ ಒಂದು ಮಾತು ಕನ್ನಡದಲ್ಲಿಲ್ಲ. ಸಾಲದ್ದಕ್ಕೆ ಮನೆಯಲ್ಲಿ ಎರಡು ಕನ್ನಡ. ನನ್ನ ಗಂಡ ಮೈಸೂರಿನವರು. ಅವರು "ಬನ್ನಿ" ಅಂದರೆ ನಾನು "ಬರ್ರಿ" ಅನ್ನುತ್ತೇನೆ. ಇದರಲ್ಲಿ ಯಾವುದು ಸರಿ ಎಂದು ಮಗಳು ಐದು ವರ್ಷದವಳಿದ್ದಾಗ ಕೇಳಿದ್ದಳು. ನಾವಿಬ್ಬರೂ ಏಕಕಾಲಕ್ಕೆ ಉತ್ತರ ಕೊಟ್ಟೆವು, ಬೇರೆ ಬೇರೆ.

ಜೂನ್‌ನಲ್ಲಿ ಒಂದು ಸಂಜೆ ಅವ್ವ ಶೇಂಗಾ ಹುರಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ಆಕಿ ಮಾತು ನನಗ ತಿಳಿಯಂಗಿಲ್ಲ. ನನ್ನ ಮಾತು ಆಕಿಗೆ ಬ್ಯಾಡ. ಇರಲಿ ಬಿಡು, ಸಣ್ಣವನ ಜೋಡಿ ಆಡ್ತೇನಿ." ದೂರಿನ ಧಾಟಿ ಇರಲಿಲ್ಲ. ಅದಕ್ಕೇ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರವಾಸದ ಯೋಚನೆ ಹುಟ್ಟಿದ್ದು ಹೀಗೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಿಗೆ ಎಲ್ಲವನ್ನೂ ಪ್ರಯೋಗ ಮಾಡುವ ಚಟ. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರನ್ನೂ ಗೆರೆ ಎಳೆದು ಜೋಡಿಸಿದರೆ ಒಂದು ತ್ರಿಕೋನ. ಇಲ್ಲಿಂದ ಹ್ಯೂಸ್ಟನ್‌ಗೆ ಸುಮಾರು 240 ಮೈಲಿ, ಅಲ್ಲಿಂದ ಆಸ್ಟಿನ್‌ಗೆ 165, ಆಸ್ಟಿನ್‌ನಿಂದ ಮನೆಗೆ 195. ನಾನೂ ನನ್ನ ಗಂಡನೂ ಅವ್ವನಿಗೆ ಏನನ್ನೂ ಅನುವಾದಿಸಬಾರದು, ಆ ಕೆಲಸ ಪೂರ್ತಿ ಮಗಳದು ಎಂದು ಒಪ್ಪಂದ ಮಾಡಿಕೊಂಡೆವು. "ಅಜ್ಜಿಗೆ ನೀನೇ ಗೈಡ್" ಎಂದು ಘೋಷಿಸಿದೆ. ಮಗಳು ಎರಡು ಡಾಲರ್ ದಿನಗೂಲಿ ಕೇಳಿದಳು. ಕೊಟ್ಟೆವು.

ಐ-45ರಲ್ಲಿ ದಕ್ಷಿಣಕ್ಕೆ ಹೊರಟು ಊರು ದಾಟುತ್ತಿದ್ದಂತೆ ಎಲಿಸ್ ಕೌಂಟಿಯ ಹೊಲಗಳು ಬರುತ್ತವೆ. ಕಿಟಕಿಯ ಪಕ್ಕ ಕೂತಿದ್ದ ಅವ್ವ ಒಮ್ಮೆಲೇ, "ಇದು ನಮ್ಮ ಎರಿ ಹೊಲ ಅಲ್ಲೇನ?" ಎಂದಳು. ಕಪ್ಪು ಮಣ್ಣು, ಒಣಗಿ ಬಿರುಕು ಬಿಟ್ಟಿತ್ತು. ದೂರದಲ್ಲಿ ಹತ್ತಿ. ಅವ್ವ ತಪ್ಪಿರಲಿಲ್ಲ. ಡ್ಯಾಲಸ್ ಸುತ್ತಮುತ್ತಲಿನಿಂದ ಸ್ಯಾನ್ ಆಂಟೋನಿಯೋ ಕಡೆಗೆ ಹಬ್ಬಿರುವ ಈ ಕರಿಮಣ್ಣಿನ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರು. ಮಣ್ಣು ವಿಜ್ಞಾನಿಗಳು ಇದನ್ನೂ ಧಾರವಾಡದ ಎರೆಮಣ್ಣನ್ನೂ ವರ್ಟಿಸಾಲ್ ಎಂಬ ಒಂದೇ ವರ್ಗಕ್ಕೆ ಸೇರಿಸುತ್ತಾರೆ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ಡ್ಯಾಲಸ್‌ನ ಮನೆಗಳವರು ತಳಪಾಯದ ಸುತ್ತ ನೀರು ಬಿಡುವುದು ಇದೇ ಕಾರಣಕ್ಕೆ. ಅಳಿಯ ಗಿಡವಿಲ್ಲದ ಕಡೆ ನೀರು ಹಾಕುವುದನ್ನು ತಿಂಗಳುಗಟ್ಟಲೆ ನೋಡಿ ಸುಮ್ಮನಿದ್ದ ಅವ್ವನಿಗೆ ಆಗ ಸಮಾಧಾನವಾಯಿತು. "ನಾ ಏನೋ ತಿಳಕೊಂಡಿದ್ದೆ" ಎಂದಳು. ಏನು ತಿಳಿದುಕೊಂಡಿದ್ದಳು ಎಂದು ನಾವು ಕೇಳಲಿಲ್ಲ.

ದಾರಿಯಲ್ಲಿ ಮ್ಯಾಡಿಸನ್‌ವಿಲ್‌ನ ಬಕೀಸ್‌ನಲ್ಲಿ ನಿಂತೆವು. ಟೆಕ್ಸಸ್‌ನ ಹೊರಗಿರುವವರಿಗೆ ಹೇಳುವುದಾದರೆ, ಇದು ಪೆಟ್ರೋಲ್ ಬಂಕ್ ಎಂಬ ನೆಪದಲ್ಲಿ ನಡೆಯುವ ಜಾತ್ರೆ. ಹಿರಿಯರ ಜೊತೆ ಹೊರಟವರಿಗೆ ಇದರ ಶೌಚಾಲಯಗಳೇ ದೊಡ್ಡ ಆಕರ್ಷಣೆ. ಅಷ್ಟು ಸ್ವಚ್ಛ. ಊರಿಗೆ ಹೋದ ಮೇಲೆ ಅವ್ವ ಓಣಿಯವರಿಗೆಲ್ಲ ಮೊದಲು ವರ್ಣಿಸಿದ್ದು ಚಂದ್ರಶಿಲೆಯನ್ನಲ್ಲ, ಇದನ್ನೇ.

ಮರುದಿನ ಬೆಳಿಗ್ಗೆ ಹ್ಯೂಸ್ಟನ್ ಮ್ಯೂಸಿಯಂ ಆಫ್ ನ್ಯಾಚುರಲ್ ಸೈನ್ಸ್. ಹರ್ಮನ್ ಪಾರ್ಕ್‌ನ ಅಂಚಿನಲ್ಲಿದೆ. 2012ರಲ್ಲಿ ತೆರೆದ ಇಲ್ಲಿನ ಮೋರಿಯನ್ ಹಾಲ್‌ನಲ್ಲಿ ಡೈನೋಸಾರ್ ಅಸ್ಥಿಪಂಜರಗಳನ್ನು ಸಾಲಾಗಿ ನಿಲ್ಲಿಸಿಲ್ಲ, ಬೇಟೆಯಾಡುವ ಓಡುವ ಭಂಗಿಯಲ್ಲಿ ಜೋಡಿಸಿದ್ದಾರೆ. ಮೂರು ವರ್ಷದ ಮಗ ಅಪ್ಪನ ಹೆಗಲ ಮೇಲೆ ಕೂತು ಗರ್ಜಿಸುತ್ತ ಹೋದ. ನನ್ನ ಪ್ರಯೋಗ ಮಾತ್ರ ಇಪ್ಪತ್ತು ನಿಮಿಷದಲ್ಲಿ ಕುಸಿಯಿತು. ಮಗಳು ಮೊದಲ ಫಲಕ ಓದಿದಳು, ಅಜ್ಜಿಯ ಮುಖ ನೋಡಿದಳು, ನನ್ನ ಕಡೆ ತಿರುಗಿ 'ಎಕ್ಸ್‌ಟಿಂಕ್ಟ್' ಅನ್ನೋದಕ್ಕೆ ಏನು ಅಂತ ಕೇಳಿದಳು. "ಅಳಿದುಹೋದ" ಎಂದೆ. 'ಪ್ರೆಡೇಟರ್'? ನಾನು ಪಠ್ಯಪುಸ್ತಕ ನೆನೆಸಿಕೊಂಡು "ಪರಭಕ್ಷಕ" ಎಂದೆ. ಮಗಳು ತಡವರಿಸಿ ಅದನ್ನೇ ಅಜ್ಜಿಗೆ ಒಪ್ಪಿಸಿದಳು. ಅಜ್ಜಿ, "ಹಂಗಂದ್ರ?" ಎಂದಳು.

ಮಗಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನಂಗೆ ಕನ್ನಡ ಬರಲ್ಲ. ಐ ಡೋಂಟ್ ಹ್ಯಾವ್ ದೀಸ್ ವರ್ಡ್ಸ್." ಕಣ್ಣಲ್ಲಿ ನೀರು. ದಿನಗೂಲಿಯೂ ಬೇಡವಂತೆ. ಅವ್ವ ನನ್ನನ್ನು ನೋಡಿದ ನೋಟ ನಾನು ಹತ್ತನೇ ತರಗತಿಯಲ್ಲಿದ್ದಾಗ ನೋಡಿದ್ದು: "ಕೂಸಿಗೆ ಯಾಕ ಕಾಡಾಕತ್ತಿ?" ಉಳಿದ ಹೊತ್ತು ಚಿಟ್ಟೆಗಳ ಗಾಜಿನ ಮನೆಯಲ್ಲಿ ಕಳೆದೆವು. ಅಲ್ಲಿ ಯಾರಿಗೂ ಯಾವ ಭಾಷೆಯೂ ಬೇಕಾಗಲಿಲ್ಲ. ಸಂಜೆ ಹಿಲ್‌ಕ್ರಾಫ್ಟ್ ಕಡೆಗೆ, ಈಗ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎನ್ನುವ ಅಂಗಡಿ ಸಾಲಿಗೆ, ದೋಸೆ ತಿನ್ನಲು ಹೋದಾಗಲೂ ಮಗಳು ಮುಖ ಊದಿಸಿಕೊಂಡೇ ಇದ್ದಳು. ಒಪ್ಪಂದ ರದ್ದಾಯಿತು.

ಮೂರನೆಯ ದಿನ ಸ್ಪೇಸ್ ಸೆಂಟರ್ ಹ್ಯೂಸ್ಟನ್. 1992ರಲ್ಲಿ ತೆರೆದ ಇದು ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ಗೆ ಸಾರ್ವಜನಿಕರ ಬಾಗಿಲು. ಇಡೀ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಮೊದಲು ಟ್ರಾಮ್ ಪ್ರವಾಸಗಳನ್ನು ಮುಗಿಸಿಕೊಳ್ಳಿ. ಬಿಸಿಲೇರಿದ ಮೇಲೆ ತೆರೆದ ಟ್ರಾಮ್‌ನಲ್ಲಿ ಹಿರಿಯರಿಗೂ ಚಿಕ್ಕವರಿಗೂ ಕಷ್ಟ. ಮಲಗಿಸಿಟ್ಟ ಸ್ಯಾಟರ್ನ್-5 ರಾಕೆಟ್ ಉದ್ದ 363 ಅಡಿ. ಇಂಥವು ಜಗತ್ತಿನಲ್ಲಿ ಉಳಿದಿರುವುದೇ ಮೂರು, ಹಾರಾಟಕ್ಕೆಂದೇ ತಯಾರಾದ ಭಾಗಗಳಿಂದಲೇ ಪೂರ್ತಿಯಾಗಿರುವುದು ಇದೊಂದೇ. ಅಪೊಲೊ ಕಾಲದ ಮಿಷನ್ ಕಂಟ್ರೋಲ್ ಕೋಣೆಯನ್ನು 2019ರಲ್ಲಿ ಮತ್ತೆ ಹಿಂದಿದ್ದ ಹಾಗೆಯೇ ಸಿದ್ಧಪಡಿಸಿದ್ದಾರೆ. ಮೇಜುಗಳ ಮೇಲೆ ಕಾಫಿ ಕಪ್ಪು, ಸಿಗರೇಟಿನ ಬೂದಿ ಬಟ್ಟಲುಗಳೂ ಇವೆ. ಹೊರಗೆ, ಬಾಹ್ಯಾಕಾಶ ನೌಕೆಗಳನ್ನು ಬೆನ್ನ ಮೇಲೆ ಹೊತ್ತು ಹಾರುತ್ತಿದ್ದ ನಿಜವಾದ ಬೋಯಿಂಗ್ 747, ಅದರ ಮೇಲೆ ನೌಕೆಯ ಪ್ರತಿಕೃತಿ. ಎರಡರ ಒಳಗೂ ಹೋಗಬಹುದು. ಮಗನ ಮಟ್ಟಿಗೆ ಹ್ಯೂಸ್ಟನ್ ಅಂದರೆ ಇಷ್ಟೇ: ವಿಮಾನದ ಮೇಲೆ ಇನ್ನೊಂದು ವಿಮಾನ, ಕೂಸುಮರಿ.

ಒಳಗೆ ಚಂದ್ರನಿಂದ ತಂದ ಕಲ್ಲಿನ ತುಂಡೊಂದನ್ನು ಮುಟ್ಟಲು ಬಿಡುತ್ತಾರೆ. ಜಗತ್ತಿನಲ್ಲಿ ಹೀಗೆ ಮುಟ್ಟಲು ಸಿಗುವ ಚಂದ್ರಶಿಲೆಗಳು ಕೆಲವೇ ಕೆಲವು. ಎಷ್ಟೋ ಸಾವಿರ ಬೆರಳು ತಾಗಿ ಅದು ನುಣುಪಾಗಿದೆ. ಮಗಳು ಮುಟ್ಟಿ "ಓಕೆ, ಸ್ಮೂತ್" ಎಂದು ಮುಂದೆ ಹೋದಳು. ಹಿಂದೆ ಬಂದ ಅವ್ವ ಮುಟ್ಟಿದವಳೇ ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

ಮಗಳು ನಿಂತಳು. ತಿರುಗಿ ಬಂದಳು. "ಯಾಕೆ ಅಜ್ಜಿ?"

ಸಾಲು ಬಿಟ್ಟು ಬೆಂಚಿನ ಮೇಲೆ ಕೂತು ಅವ್ವ ಶುರುಮಾಡಿದಳು. ಗಣಪ ಹೊಟ್ಟೆ ತುಂಬ ತಿಂದು ಇಲಿ ಮೇಲೆ ಕೂತು ಹೊರಟಿದ್ದು, ಹಾವು ಕಂಡು ಇಲಿ ಬೆದರಿದ್ದು, ಗಣಪ ಬಿದ್ದದ್ದು, ಚಂದ್ರ ನಕ್ಕದ್ದು, ಶಾಪ. ಚೌತಿಗೆ ಇನ್ನು ಮೂರೇ ವಾರ ಇತ್ತು. "ಅದಕ್ಕ ಚೌತಿ ದಿನ ಚಂದ್ರನ್ನ ನೋಡಬಾರದು." ಮಗಳು ಗಾಬರಿಯಲ್ಲಿ ಕೈ ನೋಡಿಕೊಂಡಳು. "ನಾನು ಮುಟ್ಟಿದೀನಿ!" ಅವ್ವ ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಳು: "ನೋಡಬಾರದು ಅಂದಾರ. ಮುಟ್ಟಬಾರದು ಅಂತ ಯಾರೂ ಅಂದಿಲ್ಲ."

ಅದೇ ಬೆಂಚಿನಲ್ಲಿ ನಾನೂ ಒಂದು ಸುದ್ದಿ ಸೇರಿಸಿದೆ. ಜೂನ್ 25ರಂದು ಹಾರಿ ಜುಲೈ 15ಕ್ಕೆ ಮರಳಿದ ಶುಭಾಂಶು ಶುಕ್ಲಾ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ. ಆಕ್ಸಿಯಮ್-4 ಎಂಬ ಆ ಯಾನವನ್ನು ನಡೆಸಿದ್ದು ಇದೇ ಹ್ಯೂಸ್ಟನ್‌ನ ಆಕ್ಸಿಯಮ್ ಸ್ಪೇಸ್. ಅವರು ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು, ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳಕೆ ಬರಿಸಿದ್ದು. ಅದನ್ನು ರೂಪಿಸಿದವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಅವ್ವನಿಗೆ ನಂಬಿಕೆಯೇ ಬರಲಿಲ್ಲ. "ನಮ್ಮ ಕೃಷಿ ವಿದ್ಯಾಲಯದ್ದೇನ? ನಾ ವರ್ಷಾ ಕೃಷಿಮೇಳಕ್ಕ ಹೋಗ್ತೇನಲ್ಲ, ಅದು?" ಅದೇ. ಪ್ರತಿ ವಾರ ನಮ್ಮ ಅಡುಗೆಮನೆಯಲ್ಲಿ ಅವ್ವ ಬಟ್ಟೆಯಲ್ಲಿ ಕಟ್ಟಿಡುವ, ಮಗಳು ಒಂದು ದಿನವೂ ಮುಟ್ಟದ ಆ ಹೆಸರುಕಾಳು ಬಾಹ್ಯಾಕಾಶಕ್ಕೆ ಹೋಗಿಬಂದಿದೆ ಎಂಬುದು ಮಗಳಿಗೂ ಹೊಸದು. ಕಟ್ಟಿದ ಬಟ್ಟೆ ಅಲ್ಲಿ ಜೋತಾಡುತ್ತದೋ ತೇಲುತ್ತದೋ, ಬೇರು ಯಾವ ಕಡೆ ಹೋಗುತ್ತದೆ ಎಂದು ಅಜ್ಜಿಯನ್ನೇ ಕೇಳತೊಡಗಿದಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನಾನು ತುಟಿ ಬಿಚ್ಚಲಿಲ್ಲ.

ಆ ರಾತ್ರಿ ಆಸ್ಟಿನ್ ದಾರಿಯಲ್ಲಿ ಮಕ್ಕಳು ಮಲಗಿದ ಮೇಲೆ ಯೋಚಿಸಿದೆ. ಮ್ಯೂಸಿಯಂನಲ್ಲಿ ನಾನು ಅವ್ವನನ್ನು ಏನೂ ತಿಳಿಯದವಳ ಜಾಗದಲ್ಲಿ ಕೂರಿಸಿ, ಇಂಗ್ಲಿಷ್ ಫಲಕದಿಂದ ಅವಳ ಕಡೆಗೆ ಜ್ಞಾನ ಹೊರುವ ಕೂಲಿಯನ್ನು ಎಂಟು ವರ್ಷದ ಹುಡುಗಿಗೆ ಕೊಟ್ಟಿದ್ದೆ. ಹಾಗೆ ಹೊರಲು ಬೇಕಾದ ಪದಗಳು ಪಿಎಚ್‌ಡಿ ಮಾಡಿದ ನನ್ನಲ್ಲೇ ಇರಲಿಲ್ಲ. ಚಂದ್ರಶಿಲೆಯ ಹತ್ತಿರ ಹೇಳುವುದಿದ್ದದ್ದು ಅವ್ವನಿಗೆ, ಬೇಕಾಗಿದ್ದದ್ದು ಮಗಳಿಗೆ. ದಿಕ್ಕು ಅಷ್ಟೇ ಬದಲಾಗಿತ್ತು.

ಆಸ್ಟಿನ್‌ನಲ್ಲಿ ಹಗಲೆಲ್ಲ ನೀರಿನಲ್ಲಿದ್ದೆವು. ಝಿಲ್ಕರ್ ಪಾರ್ಕ್‌ನ ಬಾರ್ಟನ್ ಸ್ಪ್ರಿಂಗ್ಸ್ ಮೂರು ಎಕರೆಯ ಈಜುಕೊಳ. ನೆಲದಡಿಯ ಊಟೆಯಿಂದ ನೀರು ಬರುವುದರಿಂದ ವರ್ಷವಿಡೀ ಸುಮಾರು 20-21 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಗಸ್ಟ್ ಬಿಸಿಲಿನಲ್ಲಿ ಅದಕ್ಕೆ ಇಳಿಯುವುದೆಂದರೆ ಮೊದಲ ಹತ್ತು ಸೆಕೆಂಡು ಕಿರುಚಾಟ. ಸಣ್ಣ ಮಕ್ಕಳಿದ್ದರೆ ಥಿಂಕರಿ ಎಂಬ ಮಕ್ಕಳ ಮ್ಯೂಸಿಯಂ ಇದೆ, ಎರಡು ಗಂಟೆ ಎಸಿಯಲ್ಲಿ ಕಳೆಯಬಹುದು. ಆದರೆ ನಾವು ಆಸ್ಟಿನ್‌ಗೆ ಬಂದದ್ದು ಸಂಜೆಗೋಸ್ಕರ.

ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ದುರಸ್ತಿ ಮಾಡಿದಾಗ ಕಾಂಕ್ರೀಟ್ ತೊಲೆಗಳ ನಡುವೆ ಕಿರಿದಾದ ಸಂದುಗಳು ಉಳಿದವು. ಬಾವಲಿಗಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಮೆಕ್ಸಿಕನ್ ಫ್ರೀ-ಟೇಲ್ಡ್ ಜಾತಿಯ ಬಾವಲಿಗಳು ಸಾವಿರಗಟ್ಟಲೆ ಬಂದು ಸೇರಿಕೊಂಡವು. ಊರವರು ರೇಬಿಸ್ ಬರುತ್ತದೆಂದು ಹೆದರಿ ಓಡಿಸಿ ಎಂದರು. 1986ರಲ್ಲಿ ಬಾವಲಿ ಸಂಶೋಧಕ ಮರ್ಲಿನ್ ಟಟಲ್ ತಮ್ಮ ಸಂಸ್ಥೆಯನ್ನೇ ಆಸ್ಟಿನ್‌ಗೆ ತಂದು, ಕೈಯಿಂದ ಹಿಡಿಯದಿದ್ದರೆ ಅಪಾಯವಿಲ್ಲ, ಒಂದೊಂದು ರಾತ್ರಿಗೆ ಸಾವಿರಾರು ಕಿಲೋ ಕೀಟ ತಿನ್ನುತ್ತವೆ ಎಂದು ಜನರಿಗೆ ತಿಳಿಹೇಳಿದರು. ಈಗ ಬೇಸಿಗೆಯಲ್ಲಿ ಇಲ್ಲಿ ಸುಮಾರು 15 ಲಕ್ಷ ಬಾವಲಿಗಳಿರುತ್ತವೆ. ಉತ್ತರ ಅಮೆರಿಕದಲ್ಲಿ ನಗರವೊಂದರೊಳಗಿನ ಅತಿ ದೊಡ್ಡ ಬಾವಲಿ ವಸಾಹತು ಇದೇ. ಓಡಿಸಿ ಎಂದಿದ್ದ ಊರು ಈಗ ಅವುಗಳನ್ನು ತೋರಿಸಲು ದೋಣಿ ಬಿಡುತ್ತದೆ.

ನಾವು ಏಳು ಗಂಟೆಗೇ ಹೋಗಿ ದಂಡೆಯ ಹುಲ್ಲಿನ ಮೇಲೆ ಜಮಖಾನ ಹಾಸಿದೆವು. ಸೂರ್ಯ ಮುಳುಗುವುದು ಎಂಟು ಕಾಲರ ನಂತರ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಡಬ್ಬಿ ಬಿಚ್ಚಿದೆವು. ಗಾಳಿ ಆ ಕಡೆಯಿಂದ ಬೀಸಿದಾಗ ಹಿಕ್ಕೆಯ ಘಾಟು ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. ಫಲಕ ಇಲ್ಲ, ಗುಂಡಿ ಇಲ್ಲ, ಪರದೆ ಇಲ್ಲ. ಒಂದೂಕಾಲು ಗಂಟೆ ಕಾಯುವುದಷ್ಟೇ ಕೆಲಸ.

"ತೊಗಲಬಾವಲಿ ನೋಡಾಕ ಇಷ್ಟು ಮಂದೀನ?" ಎಂದಳು ಅವ್ವ. ಅವಳ ತವರೂರಿನ ಕೆರೆ ದಂಡೆಯ ಆಲದ ಮರದ ತುಂಬ ಜೋತಾಡುತ್ತಿದ್ದವಂತೆ.

"ತೊಗಲು ಅಂದ್ರೆ?"

ಅವ್ವ ಮಗಳ ಮುಂಗೈ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿದಳು. "ಇದು." ಆಮೇಲೆ ತನ್ನ ಬೆರಳುಗಳನ್ನು ಅಗಲಿಸಿ, ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ತೋರಿಸಿದಳು. "ಇಲ್ಲಿ ಐತಲ್ಲ, ಇದು ಉದ್ದ ಬೆಳದು ಎಲ್ಲಾ ಬೆರಳಿಗೂ ಕೂಡಿತು ಅಂತ ತಿಳಕೋ. ಅದ ರೆಕ್ಕಿ." ಬಾವಲಿಗಳಿರುವ ಗಣಕ್ಕೆ ಗ್ರೀಕಿನಲ್ಲಿ ಕೈಯೇ ರೆಕ್ಕೆಯಾದವು ಎಂಬರ್ಥದ ಹೆಸರಿದೆ. ಅದನ್ನು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಮಗಳು ತನ್ನ ಕೈ, ತಮ್ಮನ ಕೈ, ಅಜ್ಜಿಯ ಕೈ ಮೂರನ್ನೂ ಎಳೆದೆಳೆದು ನೋಡುತ್ತಿದ್ದಳು. ಅಜ್ಜಿಯ ತೊಗಲು ಎಲ್ಲರಿಗಿಂತ ಚೆನ್ನಾಗಿ ಎಳೆಯುತ್ತದೆ, ಅಜ್ಜಿಗೆ ಹಾರಲು ಸುಲಭ ಎಂದು ತೀರ್ಮಾನಿಸಿದಳು. ಕನ್ನಡದಲ್ಲೇ.

ನಾನು ಒಂದೇ ಒಂದು ಮಾಹಿತಿ ಕೊಟ್ಟೆ. ಇಲ್ಲಿಗೆ ಬರುವವುಗಳಲ್ಲಿ ಹೆಚ್ಚಿನವು ಹೆಣ್ಣು. ಮಾರ್ಚ್ ಹೊತ್ತಿಗೆ ಮೆಕ್ಸಿಕೋದಿಂದ ಬಸಿರಾಗಿ ಬರುತ್ತವೆ, ಜೂನ್ ಹೊತ್ತಿಗೆ ಒಂದೊಂದೇ ಮರಿ ಹಾಕುತ್ತವೆ, ಮರಿ ಬಲಿತ ಮೇಲೆ ಚಳಿಗೆ ಮುಂಚೆ ಕರೆದುಕೊಂಡು ಹೋಗುತ್ತವೆ.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಂದ್ರ ಇದು ಇವುಗಳ ತವರಮನಿ. ಬಾಣಂತನಕ್ಕ ಬಂದಾವು."

"ಬಾಣಂತನ ಅಂದ್ರೆ?" ಮಗಳು ಕೇಳಿದ್ದೇ ತಡ, ಅವ್ವ 2017ಕ್ಕೆ ಹೋದಳು. ಹಿಮ ಬಿದ್ದ ದಿನ ಬಿಸಿನೀರಿನ ಸ್ನಾನ, ಎಣ್ಣೆ, ಸಾಂಬ್ರಾಣಿ ಹೊಗೆಗೆ ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಂಡು ಅಕ್ಕಪಕ್ಕದವರೆಲ್ಲ ಹೊರಗೆ ಓಡಿಬಂದದ್ದು, ಅಳಿಯ ಟವೆಲ್ ಬೀಸುತ್ತ ಕುರ್ಚಿಯ ಮೇಲೆ ನಿಂತದ್ದು. ಮಗಳು ಬಿದ್ದು ಬಿದ್ದು ನಕ್ಕಳು. ಈ ಕಥೆ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ. ಪಕ್ಕದ ಚಾಪೆಯ ಹಿರಿಯ ಹೆಂಗಸೊಬ್ಬರು ನಗುತ್ತ, ನಿಮ್ಮ ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಮಗಳನ್ನು ಕೇಳಿದರು. ಮಗಳು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ಇವೆಲ್ಲ ತಾಯಂದಿರು, ಹೆರಿಗೆಗೆ ತಮ್ಮ ಅಮ್ಮನ ಮನೆಗೆ ಬಂದಿವೆ, ಅದಕ್ಕೆ ನಮ್ಮಲ್ಲಿ ಬಾಣಂತನ ಅನ್ನುತ್ತಾರೆ. ಆ ಪದವನ್ನು ಹಾಗೆಯೇ ಬಿಟ್ಟಳು. ಆ ಹೆಂಗಸು ಎರಡು ಸಲ ಹೇಳಿ ಕಲಿತರು.

ಎಂಟೂವರೆ ದಾಟಿದ ಮೇಲೆ ಸೇತುವೆಯಡಿಯಿಂದ ಮೊದಲು ಒಂದೆರಡು, ಆಮೇಲೆ ಹೊಗೆ ಎದ್ದ ಹಾಗೆ. ಪೂರ್ವಕ್ಕೆ ನೀರಿನ ಮೇಲೆ ಹೊಗೆಯ ಪಟ್ಟಿ ಎಳೆದುಕೊಂಡು ಹೋದವು, ಮುಗಿಯುವುದೇ ಇಲ್ಲವೇನೋ ಎಂಬಂತೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಮರಿಗಳೂ ಹಾರುವುದರಿಂದ ನೋಡಲು ಇದೇ ಒಳ್ಳೆಯ ಕಾಲ. ಎಲ್ಲ ದಿನವೂ ಒಂದೇ ಥರ ಕಾಣುವುದಿಲ್ಲ, ಕೆಲವು ದಿನ ಕತ್ತಲಾದ ಮೇಲೆಯೇ ಹೊರಡುತ್ತವೆ. ಮಗ ಅಷ್ಟರಲ್ಲಿ ನಿದ್ದೆ ಹೋಗಿದ್ದ. ಈ ಪ್ರವಾಸದಲ್ಲಿ ಅವನು ತಪ್ಪಿಸಿಕೊಂಡದ್ದು ಅದೊಂದೇ, ಬೆಳಿಗ್ಗೆ ಅದಕ್ಕೆ ಜಗಳವಾಡಿದ.

ಕೊನೆಯ ದಿನ ಐ-35ರಲ್ಲಿ ಉತ್ತರಕ್ಕೆ ಹೊರಟೆವು. ವೇಕೋ ಊರಿನ ಬಳಿ 1978ರಲ್ಲಿ ಸಿಕ್ಕ ಬೃಹದ್ಗಜಗಳ ಎಲುಬುಗಳನ್ನು ಸಿಕ್ಕಲ್ಲೇ ನೋಡುವ ವೇಕೋ ಮ್ಯಾಮತ್ ಸ್ಮಾರಕವಿದೆ. 2015ರಿಂದ ರಾಷ್ಟ್ರೀಯ ಸ್ಮಾರಕ. ಅಲ್ಲಿ ಒಂದು ಗಂಟೆ ಸಾಕು. ಅಲ್ಲಿಂದ ವಾಯವ್ಯಕ್ಕೆ ತಿರುಗಿ ಗ್ಲೆನ್ ರೋಸ್‌ನ ಡೈನೋಸಾರ್ ವ್ಯಾಲಿ ಸ್ಟೇಟ್ ಪಾರ್ಕ್‌ಗೆ. ಡ್ಯಾಲಸ್‌ನಿಂದ ನೇರ ಬರುವವರಿಗೆ ಇದು ಒಂದೂವರೆ, ಎರಡು ಗಂಟೆಯ ದಾರಿ. 12 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ವಾರಾಂತ್ಯಕ್ಕೆ ಮುಂಚೆಯೇ ಕಾದಿರಿಸಿ.

ಅವ್ವನಿಗೆ ಇಷ್ಟವಿರಲಿಲ್ಲ. "ಹೊಳಿ ಹತ್ರ ಬ್ಯಾಡ" ಎಂದಳು. ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಶಿಬಿರಕ್ಕೆ ಬಂದಿದ್ದ ಪುಟ್ಟ ಹುಡುಗಿಯರು, ಸತ್ತು ತಿಂಗಳಷ್ಟೇ ಆಗಿತ್ತು. ಅವ್ವನ ಭಯ ಅರ್ಥವಿಲ್ಲದ್ದಲ್ಲ. ಟೆಕ್ಸಸ್‌ನ ನದಿಗಳು ಮಳೆ ಬಂದರೆ ಗಂಟೆಯೊಳಗೆ ಮೇಲೇರುತ್ತವೆ. ಹೊರಡುವ ಮುನ್ನ ಹವಾಮಾನ ನೋಡಿ, ಪಾರ್ಕ್‌ಗೆ ಫೋನ್ ಮಾಡಿ. ನೀರಿಳಿದಿದೆಯೇ ಎಂದು ತಿಳಿಯದೆ ಹೋದರೆ ಹೆಜ್ಜೆಗಳೂ ಕಾಣುವುದಿಲ್ಲ. ನಾವು ಹೋದ ದಿನ ಆಕಾಶ ಖಾಲಿ, ನೀರು ಮಂಡಿಯ ಕೆಳಗೆ.

ಪಲಕ್ಸಿ ನದಿಯ ಪಾತ್ರದಲ್ಲಿರುವ ಈ ಹೆಜ್ಜೆಗಳಿಗೆ ಸುಮಾರು 11.3 ಕೋಟಿ ವರ್ಷ. ಆಗ ಇದು ಕಡಲ ತೀರದ ಕೆಸರು. 1909ರಲ್ಲಿ ಒಬ್ಬ ಹುಡುಗ ಇಲ್ಲಿ ಮೂರು ಬೆರಳಿನ ಗುರುತು ಕಂಡ. 1938ರಲ್ಲಿ ಬಂದ ರೋಲಂಡ್ ಬರ್ಡ್, ಆನೆ ಹೆಜ್ಜೆಯಂಥ ಭಾರಿ ಗುರುತುಗಳನ್ನೂ ಕಂಡು, ಮುಂದೆ ಬಂಡೆಗಳನ್ನೇ ಕತ್ತರಿಸಿ ನ್ಯೂಯಾರ್ಕ್‌ನ ಮ್ಯೂಸಿಯಂಗೆ ಒಂದು ಭಾಗ, ಆಸ್ಟಿನ್‌ನ ಮ್ಯೂಸಿಯಂಗೆ ಒಂದು ಭಾಗ ಕಳಿಸಿದರು. 2022ರ ಬರದಲ್ಲಿ ನದಿ ಬತ್ತಿ, ಸಾಮಾನ್ಯವಾಗಿ ಹೂಳಿನಡಿ ಇರುವ ಹೆಜ್ಜೆಗಳೂ ಮೇಲೆದ್ದವು.

ನದಿಗೆ ಇಳಿಯಲು ಕಲ್ಲು ಮೆಟ್ಟಿಲುಗಳಿವೆ. ಅವ್ವನ ಮೊಣಕಾಲಿಗೆ ಆಗದು. ಮೇಲೆ ನೆರಳಿನಲ್ಲಿ ಕೂತಳು, ನಾನೂ ಕೂತೆ. ಮಗಳು ಅಪ್ಪ, ತಮ್ಮನ ಜೊತೆ ಇಳಿದಳು. ಒಂದೆರಡು ನಿಮಿಷಕ್ಕೇ ಕೂಗು ಕೇಳಿತು.

"ಅಜ್ಜೀ! ಕೋಳಿ ಕಾಲು! ಮೂರು ಬೆರಳು!"

"ಎಷ್ಟು ದೊಡ್ಡದೈತಿ?"

"ದೊಡ್ಡದು!"

"ದೊಡ್ಡದು ಅಂದ್ರ? ಗೇಣು ಹಾಕಿ ನೋಡು!"

ಗೇಣು ಎಂದರೇನೆಂದು ಗೊತ್ತಿಲ್ಲ. ಅವ್ವ ಮೇಲಿಂದಲೇ ಕೈ ಅಗಲಿಸಿ, ಗಾಳಿಯಲ್ಲಿ ಹೆಬ್ಬೆರಳಿಂದ ಕಿರುಬೆರಳಿಗೆ ಅಳೆದು ತೋರಿಸಿದಳು. ಮಗಳು ನೀರಿನಲ್ಲಿ ಬಾಗಿ ಅಳೆದಳು. "ನಾಲ್ಕು ಗೇಣು!" ಮುಂದೆ ಹೋಗಿ, "ಇದು ಆನೆ ಥರ, ಆರು... ಆರೂವರೆ ಗೇಣು! ನಾನು ಒಳಗೆ ಕೂತ್ಕೋಬಹುದು!" ಕೂತೂ ಬಿಟ್ಟಳು. ಎಲ್ಲಿ ಕೆಸರಿದೆ, ಎಲ್ಲಿ ಮೀನಿದೆ, ಹೆಜ್ಜೆ ಯಾವ ಕಡೆ ಹೊರಟಿದೆ, ಎಲ್ಲ ವರದಿಯೂ ಮೇಲಕ್ಕೆ ಬರತೊಡಗಿತು. ಪದ ಸಿಗದಾಗ ಅಪ್ಪನನ್ನು ಕೇಳಿ ಕೂಗುತ್ತಿದ್ದಳು. ಹಾಗಾಗಿ ಮೈಸೂರು ಕನ್ನಡವೂ ನಡುನಡುವೆ ತೇಲಿ ಬಂತು. ಅಜ್ಜಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಅವಳು ಹೇಳದಿದ್ದರೆ ಗೊತ್ತಾಗುತ್ತಿರಲಿಲ್ಲ. ಅದು ಮಗಳಿಗೂ ಗೊತ್ತಿತ್ತು.

ಮೇಲೆ ಬಂದು ಮೈ ಒರೆಸಿಕೊಳ್ಳುವಾಗ, ಕೆಸರು ಹೇಗೆ ಕಲ್ಲಾಯಿತು ಎಂದು ಕೇಳಿದ್ದು ನನ್ನನ್ನು. ಉತ್ತರ ಬಂದದ್ದು ಅವ್ವನಿಂದ. "ಅವತ್ತ ನೋಡಿದೆಲ್ಲ ಎರಿ ಹೊಲ? ಮಳಿ ನಿಂತ ಮ್ಯಾಲ ಎತ್ತು ಹಾದುಹೋದ್ರ ಹೆಜ್ಜಿ ಬೀಳ್ತಾವು. ಬಿಸಿಲಿಗೆ ಹಂಗ ಬಿರುಸಾಗ್ತಾವು. ಅದರ ಮ್ಯಾಲ ಬ್ಯಾರೆ ಮಣ್ಣು ಬಂದು ಕುಂತ್ರ, ಒಳಗಿಂದು ಒಳಗ ಉಳೀತದ." ಇದಕ್ಕೆ ನಾನು ಸೇರಿಸಬೇಕಾಗಿದ್ದದ್ದು ಕೋಟಿ ವರ್ಷಗಳ ಲೆಕ್ಕ ಮಾತ್ರ.

ಮನೆಯ ಹತ್ತಿರ ಬಂದಾಗ ಮಗ ಎದ್ದು ಕೂತು ಹಳೆಯ ಬೇಡಿಕೆ ತೆಗೆದ. ನಮ್ಮ ಭಾಗದಲ್ಲಿ ಚಿಕ್ಕ ಮಕ್ಕಳಿಗೆಂದೇ ಹೊಸ ಜಾಗಗಳು ಒಂದರ ಹಿಂದೊಂದು ಬರುತ್ತಿವೆ. ನಾರ್ತ್ ರಿಚ್‌ಲ್ಯಾಂಡ್ ಹಿಲ್ಸ್‌ನಲ್ಲಿ ಪೆಪ್ಪಾ ಪಿಗ್ ಪಾರ್ಕ್ 2025ರ ಮಾರ್ಚ್‌ನಲ್ಲಿ ತೆರೆಯಿತು. ಫ್ರಿಸ್ಕೋದಲ್ಲಿ ಯೂನಿವರ್ಸಲ್ ಕಿಡ್ಸ್ ರೆಸಾರ್ಟ್ 2026ರಲ್ಲಿ ತೆರೆಯುವುದೆಂದು ಆಗ ಪ್ರಕಟಿಸಿದ್ದರು. ಹ್ಯೂಸ್ಟನ್ ಮೃಗಾಲಯದಲ್ಲಿ 2023ರಲ್ಲಿ ಬಂದ ಗಲಾಪಗಸ್ ವಿಭಾಗವನ್ನು ಈ ಸಲ ನಾವು ಬಿಟ್ಟೆವು. ಇವುಗಳಿಗೂ ಹೋಗುತ್ತೇವೆ, ಹೋಗಬಾರದೆಂದಲ್ಲ. ಗದ್ದಲದ ಜಾಗಗಳಲ್ಲಿ ಯಾವ ಭಾಷೆಯಲ್ಲೂ ಮಾತು ನಡೆಯುವುದಿಲ್ಲ ಎಂಬುದು ನನ್ನ ಅನುಭವ, ಅಷ್ಟೇ. ಅಂಥ ದಿನ ಮಾತಿನ ನಿರೀಕ್ಷೆ ಇಟ್ಟುಕೊಳ್ಳುವುದಿಲ್ಲ.

ಅವ್ವ ಚೌತಿ ಮುಗಿಸಿಕೊಂಡು ಆಗಸ್ಟ್ ಕೊನೆಗೆ ಧಾರವಾಡಕ್ಕೆ ಹೋದಳು. ಸೆಪ್ಟೆಂಬರ್‌ನಲ್ಲಿ ಕೃಷಿಮೇಳಕ್ಕೂ ಹೋಗಿಬಂದಳಂತೆ. ಮಗಳು ಒಮ್ಮೆಲೇ ಕನ್ನಡದ ಕಣಜವೇನೂ ಆಗಿಲ್ಲ. ನನ್ನ ಜೊತೆ ಈಗಲೂ ಮಾತು ಹೆಚ್ಚುಪಾಲು ಇಂಗ್ಲಿಷ್. ಹೆಸರುಕಾಳು ತಿನ್ನುತ್ತಾಳೆ, ಆದರೆ ತಾನೇ ಕಟ್ಟಿಟ್ಟದ್ದಾದರೆ ಮಾತ್ರ. ಶನಿವಾರ ಬೆಳಿಗ್ಗೆ ಅಜ್ಜಿಗೆ ವಿಡಿಯೋ ಕರೆ ಮಾಡುವುದು ಅವಳ ಕೆಲಸ, ನಾನು ಆ ಕೋಣೆಗೆ ಹೋಗುವುದಿಲ್ಲ. ಹೋದ ವಾರ ಮಗ ನಡುವೆ ನುಗ್ಗಿ ಯೂನಿವರ್ಸಲ್ ಸುದ್ದಿ ಹೇಳಿರಬೇಕು. ಅಡುಗೆಮನೆಗೆ ಅವ್ವನ ದನಿ ಕೇಳಿಸಿತು: "ಅಲ್ಲಿ ಕೂಡಾಕ ಜಾಗ ಐತೇನು ಕೇಳು. ನನ್ನ ಮೊಣಕಾಲಿನ ಪಾಡು ಗೊತ್ತೈತಲ್ಲ."

ಮಗಳೆಂದಳು, "ಗೊತ್ತಿಲ್ಲ ಅಜ್ಜಿ. ಇನ್ನೂ ಕಟ್ಟಾಕತ್ತಾರ."